ಫೋವಿಯಾನ್ ಕ್ಯಾಮೆರಾ ಕೊಳ್ಳಲೇ ಎಂದು ಕೇಳುವವರಿಗೆ

ನನ್ನ ಚಿತ್ರಗಳನ್ನು ನೋಡಿದವರಲ್ಲಿ ಹಲವರು ಕೇಳುವ ಪ್ರಶ್ನೆ ಇದು: "ಸಿಗ್ಮಾ ಕಂಪನಿಯ ಫೋವಿಯಾನ್ ಸೆನ್ಸರ್ ಇರುವ ಹಳೆಯ ಕ್ಯಾಮೆರಾ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತಿದೆ, ತೆಗೆದುಕೊಳ್ಳಲೇ?" ಅಂಥದೇ ಒಂದು ಕ್ಯಾಮೆರಾ ಆದ ಸಿಗ್ಮಾ ಡಿಪಿ2 ಮೆರಿಲ್ ಅನ್ನು ಹಲವು ವರ್ಷಗಳಿಂದ ಬಳಸುತ್ತಿರುವ ನಾನು ಹೌದು ಎಂದಾಗಲಿ ಬೇಡ ಎಂದಾಗಲಿ ಹೇಳುವುದಕ್ಕೆ ಮೊದಲು, ನೀವು ಎಂಥ ಬೆಳಕಿನಲ್ಲಿ ಚಿತ್ರ ತೆಗೆಯುತ್ತೀರಿ ಎಂದು ಮರಳಿ ಕೇಳುತ್ತೇನೆ. ಆ ಕ್ಯಾಮೆರಾದ ಗುಣವೂ ದೋಷವೂ ಬೆಳಕಿಗೇ ಅಂಟಿಕೊಂಡಿರುವುದರಿಂದ ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಕ್ಯಾಮೆರಾದೊಳಗೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಚಿಪ್ಪೇ ಸೆನ್ಸರ್. ಸಾಮಾನ್ಯ ಸೆನ್ಸರ್‌ಗೆ ತಾನಾಗಿ ಬಣ್ಣ ತಿಳಿಯುವುದಿಲ್ಲ. ಕೊಡಾಕ್‌ನಲ್ಲಿದ್ದ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ದೊರೆತ ವಿಧಾನದಂತೆ ಒಂದೊಂದು ಪಿಕ್ಸೆಲ್ ಮೇಲೆ ಒಂದೊಂದು ಬಣ್ಣದ ಫಿಲ್ಟರ್ ಕೂರಿಸಲಾಗುತ್ತದೆ. ಅರ್ಧದಷ್ಟು ಹಸಿರು, ಉಳಿದರ್ಧದಲ್ಲಿ ಕೆಂಪು ಮತ್ತು ನೀಲಿ. ಅಂದರೆ ಪ್ರತಿ ಪಿಕ್ಸೆಲ್ ಅಳೆಯುವುದು ಒಂದೇ ಬಣ್ಣವನ್ನು. ಉಳಿದೆರಡನ್ನು ತಂತ್ರಾಂಶವು ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ನೋಡಿ ಅಂದಾಜು ಮಾಡುತ್ತದೆ. 2002ರಲ್ಲಿ ಸಿಗ್ಮಾ ಎಸ್‌ಡಿ9 ಕ್ಯಾಮೆರಾದೊಂದಿಗೆ ಬಂದ ಫೋವಿಯಾನ್ ಈ ಅಂದಾಜನ್ನೇ ಕೈಬಿಟ್ಟಿತು. ಸಿಲಿಕಾನ್‌ನಲ್ಲಿ ನೀಲಿ ಬೆಳಕು ಮೇಲ್ಪದರದಲ್ಲೇ ಹೀರಲ್ಪಡುತ್ತದೆ, ಹಸಿರು ಇನ್ನಷ್ಟು ಒಳಕ್ಕೆ ಹೋಗುತ್ತದೆ, ಕೆಂಪು ಎಲ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಒಂದೇ ಜಾಗದಲ್ಲಿ ಒಂದರ ಕೆಳಗೊಂದರಂತೆ ಮೂರು ಪದರಗಳನ್ನಿಟ್ಟರೆ ಮೂರು ಬಣ್ಣಗಳೂ ಅಲ್ಲಿಯೇ ದೊರೆಯುತ್ತವೆ.

ಇದರ ಫಲವನ್ನು ಕಣ್ಣಾರೆ ನೋಡಬೇಕೆಂದರೆ ಸಣ್ಣ ನೇಯ್ಗೆಯ ಹತ್ತಿ ಬಟ್ಟೆಯ ಚಿತ್ರ ತೆಗೆದು, ಪರದೆಯ ಮೇಲೆ ಪೂರ್ತಿ ಹಿಗ್ಗಿಸಿ ನೋಡಬೇಕು. ಬೇಯರ್ ಸೆನ್ಸರ್‌ನ ಚಿತ್ರದಲ್ಲಿ ಕೆಲವೊಮ್ಮೆ ಬಟ್ಟೆಯಲ್ಲಿ ಇಲ್ಲದ ಬಣ್ಣದ ಅಲೆಗಳು ಕಾಣಿಸಿಕೊಳ್ಳುತ್ತವೆ. ಅವನ್ನು ತಡೆಯಲು ಸೆನ್ಸರ್ ಮುಂದೆ ಮಸುಕುಗೊಳಿಸುವ ಫಿಲ್ಟರ್ ಹಾಕಿದ್ದರೆ ಎಳೆಗಳ ಅಂಚು ಮೆತ್ತಗಾಗಿರುತ್ತದೆ. ಮೆರಿಲ್‌ನ ಚಿತ್ರದಲ್ಲಿ ನೂಲಿನ ಹುರಿ, ಅದರಿಂದ ಎದ್ದು ನಿಂತ ಒಂಟಿ ನಾರು, ನಾರಿನ ಸಣ್ಣ ನೆರಳು ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಚಿತ್ರದ ಅಳತೆ ಸುಮಾರು 15 ಮೆಗಾಪಿಕ್ಸೆಲ್ ಮಾತ್ರ. ಮೂರು ಪದರಗಳನ್ನೂ ಎಣಿಸಿ 46 ಮೆಗಾಪಿಕ್ಸೆಲ್ ಎಂದು ಜಾಹೀರಾತು ಮಾಡಿದ್ದನ್ನು ನಾನು ಒಪ್ಪುವುದಿಲ್ಲ, ಆದರೆ ಆ 15ರಲ್ಲಿ ಒಂದೊಂದೂ ನಿಜವಾಗಿ ಅಳೆದದ್ದು ಎಂಬುದು ಮರದ ತೊಗಟೆಯಲ್ಲಿ, ಕಲ್ಲಿನ ಮೈಯಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಈಗ ಈ ಗುಣಕ್ಕೆ ತೆರಬೇಕಾದ ಬೆಲೆಯ ಮಾತು. ಸಿಲಿಕಾನ್‌ನ ಆಳವು ಬಣ್ಣಗಳನ್ನು ಫಿಲ್ಟರ್‌ನಷ್ಟು ಚೊಕ್ಕವಾಗಿ ಬೇರ್ಪಡಿಸುವುದಿಲ್ಲ. ಮೇಲ್ಪದರಕ್ಕೆ ನೀಲಿಯ ಜೊತೆ ಹಸಿರೂ ಕೆಂಪೂ ಸ್ವಲ್ಪ ಸ್ವಲ್ಪ ಸೇರಿಕೊಂಡಿರುತ್ತವೆ. ಕಲಸಿಹೋದ ಈ ಮೂರನ್ನು ಬಿಡಿಸಲು ಒಂದು ಪದರದ ಲೆಕ್ಕದಿಂದ ಇನ್ನೊಂದನ್ನು ಬಲವಾಗಿ ಕಳೆಯಬೇಕಾಗುತ್ತದೆ, ಮತ್ತು ಹಾಗೆ ಕಳೆಯುವಾಗ ನಾಯ್ಸ್, ಅಂದರೆ ಚಿತ್ರದಲ್ಲಿ ಮೂಡುವ ಬೇಡದ ಚುಕ್ಕೆಗಳು, ಹಲವು ಪಟ್ಟು ಬೆಳೆಯುತ್ತದೆ. ಐಎಸ್‌ಒ (ಬೆಳಕು ಕಡಿಮೆಯಾದಷ್ಟೂ ಏರಿಸಬೇಕಾದ ಸಂವೇದನೆಯ ಅಳತೆ) 100 ಅಥವಾ 200ರಲ್ಲಿ ಬೆರಗು ಹುಟ್ಟಿಸುವ ಅದೇ ಸೆನ್ಸರ್ 800ಕ್ಕೆ ಬರುವಷ್ಟರಲ್ಲಿ ಮುಖದ ಚರ್ಮದ ಮೇಲೆ ಹಸಿರು ಮತ್ತು ನೇರಳೆ ಮಚ್ಚೆಗಳನ್ನು ಬಿಡಿಸಿಬಿಡುತ್ತದೆ. ಸಂಜೆಯ ದೀಪದಲ್ಲಿ, ಮನೆಯೊಳಗೆ, ಓಡಾಡುವ ಮಕ್ಕಳ ಚಿತ್ರ ತೆಗೆಯಬೇಕೆನ್ನುವವರಿಗೆ ನಾನು ಇದನ್ನು ಖಂಡಿತ ಬೇಡ ಎನ್ನುತ್ತೇನೆ. ಕಪ್ಪುಬಿಳುಪಿಗೆ ಬದಲಿಸಿದರೆ ಈ ಮಚ್ಚೆಗಳು ಬಹುಪಾಲು ಹಳೆಯ ಫಿಲ್ಮಿನ ಕಾಳಿನಂತೆ (ಗ್ರೇನ್) ಕಾಣುತ್ತವೆ, ಅದು ಬೇರೆ ಮಾತು.

ಬಳಕೆಯ ತೊಡಕುಗಳೂ ಇವೆ. ಡಿಪಿ ಮೆರಿಲ್‌ಗಳ ಬ್ಯಾಟರಿ ನೂರು ಚಿತ್ರಗಳಿಗೂ ಸಾಲುವುದಿಲ್ಲ. ಡಬ್ಬಿಯಲ್ಲೇ ಎರಡು ಬ್ಯಾಟರಿ ಇಟ್ಟು ಮಾರುತ್ತಿದ್ದರು. ಕಂಪನ ತಡೆಯುವ ವ್ಯವಸ್ಥೆ ಇಲ್ಲ, ಒಂದೊಂದು ಫೈಲ್ ಕಾರ್ಡಿಗೆ ಬರೆದು ಮುಗಿಯಲು ಬಹಳ ಹೊತ್ತು ಹಿಡಿಯುತ್ತದೆ. ರಾ ಫೈಲನ್ನು, ಅಂದರೆ ಸೆನ್ಸರ್ ಅಳೆದದ್ದನ್ನು ಹಾಗೆಯೇ ಉಳಿಸಿದ ಕಡತವನ್ನು, ಬಹುಪಾಲು ತಂತ್ರಾಂಶಗಳು ತೆರೆಯುವುದಿಲ್ಲವಾದ್ದರಿಂದ ಕಂಪನಿಯದೇ ನಿಧಾನಗತಿಯ ತಂತ್ರಾಂಶ ಸಿಗ್ಮಾ ಫೋಟೋ ಪ್ರೊ ಅನ್ನೇ ನಂಬಿಕೊಳ್ಳಬೇಕು. ಮೆರಿಲ್ ನಂತರ ಸಿಗ್ಮಾ ತಂದ 2014ರ ಕ್ವಾಟ್ರೋ ಸರಣಿ ನಾಯ್ಸ್ ತಗ್ಗಿಸಲೆಂದು ಮೇಲ್ಪದರದಲ್ಲಿ ಸುಮಾರು 2 ಕೋಟಿ, ಕೆಳಗಿನೆರಡರಲ್ಲಿ ತಲಾ ಸುಮಾರು 50 ಲಕ್ಷ ಪಿಕ್ಸೆಲ್ ಇಟ್ಟಿತು. ಅದರಿಂದ ಅನುಕೂಲವಾಯಿತು, ನಿಜ. ಆದರೆ ಬಣ್ಣವನ್ನು ಮತ್ತೆ ಹಂಚಿಕೊಂಡು ಲೆಕ್ಕ ಹಾಕುವ ದಾರಿಗೆ ಅರ್ಧ ಮರಳಿದಂತಾಯಿತು ಎಂದೇ ನನ್ನ ಭಾವನೆ.

ಫ್ಯೂಜಿಫಿಲ್ಮ್‌ ಕ್ಯಾಮೆರಾಗಳಲ್ಲಿರುವ ಎಕ್ಸ್-ಟ್ರಾನ್ಸ್ ಸೆನ್ಸರ್ ಇದೇ ಸಾಲಿನದೇ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಅಲ್ಲಿ ಫಿಲ್ಟರ್‌ಗಳನ್ನು 6×6ರ ಚೌಕದಲ್ಲಿ ಬೇರೆ ರೀತಿ ಜೋಡಿಸಿದ್ದಾರೆ, ಅಂದಾಜು ಹಾಗೆಯೇ ಇದೆ; ದಿನಬಳಕೆಗೆ ಅದು ಯಾವ ತಕರಾರೂ ಇಲ್ಲದ ಸೆನ್ಸರ್. ಲೈಕಾ 2012ರಲ್ಲಿ ತಂದ ಎಂ ಮೊನೋಕ್ರೋಮ್‌ನಂಥವು ಬಣ್ಣದ ಫಿಲ್ಟರನ್ನೇ ತೆಗೆದುಹಾಕಿ ಕಪ್ಪುಬಿಳುಪನ್ನು ಮಾತ್ರ ದಾಖಲಿಸುತ್ತವೆ. ಅವು ಮಂದ ಬೆಳಕಿನಲ್ಲಿ ಫೋವಿಯಾನ್‌ಗೆ ತದ್ವಿರುದ್ಧವಾಗಿ ಬಹಳ ಸಮರ್ಥ. ಆದರೆ ಆಕಾಶ ಒಮ್ಮೆ ಬೆಳ್ಳಗೆ ಸುಟ್ಟುಹೋದರೆ ಬೇರೊಂದು ಬಣ್ಣದ ಪಿಕ್ಸೆಲ್‌ನಿಂದ ಮರಳಿ ಪಡೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಪೂರ್ಣ ಚೌಕಟ್ಟಿನ (ಫುಲ್ ಫ್ರೇಮ್, ಅಂದರೆ 35 ಎಂಎಂ ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡದಾದ) ಫೋವಿಯಾನ್ ಬರುವವರೆಗೆ ಕಾಯಲೇ ಎಂದು ಕೇಳಿದರೆ, ಕಾಯಬೇಡಿ. ಸಿಗ್ಮಾ ಅದನ್ನು 2018ರಲ್ಲಿ ಘೋಷಿಸಿ, 2021ರಲ್ಲಿ ಕೆಲಸವನ್ನು ಮೊದಲಿನಿಂದ ಆರಂಭಿಸುವುದಾಗಿ ಹೇಳಿತು. ಅದರ ಬದಲು ನಿಮ್ಮದೇ ಕಳೆದ ಒಂದು ವರ್ಷದ ಚಿತ್ರಗಳನ್ನು ತೆರೆದು, ನಿಮಗೆ ತುಂಬಾ ಇಷ್ಟವಾದವುಗಳ ಐಎಸ್‌ಒ ಎಷ್ಟಿದೆ ಎಂದು ನೋಡಿ. ಅವುಗಳಲ್ಲಿ ಹೆಚ್ಚಿನವು 200ರ ಒಳಗಿದ್ದು, ನಿಮ್ಮ ಬಳಿ ಟ್ರೈಪಾಡ್ ಇದ್ದರೆ, ಆ ಹಳೆಯ ಮೆರಿಲನ್ನು ತೆಗೆದುಕೊಳ್ಳಿ, ಜೊತೆಗೆ ಮೂರನೆಯ ಬ್ಯಾಟರಿಯೊಂದನ್ನೂ ತೆಗೆದುಕೊಳ್ಳಿ.