ರಾಮಗಂಗೆಯ ಮಹಶೀರ್ ಮತ್ತು ಹೊಳೆ ಬಲ್ಲ ಗೈಡ್‌ಗಳು

ಫ್ಲೈ ಫಿಶಿಂಗ್, ಅಂದರೆ ಹುಳುವನ್ನೋ ಮರಿಮೀನನ್ನೋ ಹೋಲುವಂತೆ ಗರಿ, ದಾರ ಸುತ್ತಿದ ಗಾಳವನ್ನು (ಅದೇ ‘ಫ್ಲೈ’) ಬೀಸಿ ಮೀನು ಹಿಡಿಯುವುದು, ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಟ್ರೌಟ್ ಮೀನು. ಭಾರತದಲ್ಲಿಯೂ ಈ ಹವ್ಯಾಸ ಕಾಶ್ಮೀರ, ಹಿಮಾಚಲ ಮತ್ತು ನೀಲಗಿರಿಯ ತಣ್ಣೀರಿನ ತೊರೆಗಳಲ್ಲಿ ಬೇರೂರಿದ್ದು ಬ್ರಿಟಿಷರು ಹೊರಗಿನಿಂದ ತಂದು ಬಿಟ್ಟ ಟ್ರೌಟ್‌ಗಳ ಜೊತೆಯಲ್ಲೇ. ಆದರೆ ನಮ್ಮ ನದಿಗಳದ್ದೇ ಆದ, ಕಾರ್ಪ್ ಕುಟುಂಬಕ್ಕೆ ಸೇರಿದ ಮಹಶೀರ್ ಮೀನನ್ನು ಫ್ಲೈಯಿಂದ ಹಿಡಿಯಲು ಹೊರಟವರಿಗೆ ಟ್ರೌಟ್ ಕಲಿಸಿದ ಪಾಠಗಳಲ್ಲಿ ಅರ್ಧದಷ್ಟು ಉಪಯೋಗಕ್ಕೆ ಬರುವುದಿಲ್ಲ. ಆ ಕೊರತೆಯನ್ನು ತುಂಬಿಕೊಡುವವರು ಹೊಳೆಯ ದಂಡೆಯಲ್ಲೇ ಬೆಳೆದ ಗೈಡ್‌ಗಳು. ಮಹಶೀರ್ ಉಳಿಯುವ ಪ್ರಶ್ನೆಯೂ ಅವರ ಬದುಕಿನ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ ಎಂಬುದು ಉತ್ತರಾಖಂಡದ ಪಶ್ಚಿಮ ರಾಮಗಂಗೆಯ ದಂಡೆಯಲ್ಲಿ ಗೈಡ್ ಒಬ್ಬರ ಹಿಂದೆ ನಡೆದ ಮೇಲೆ ನನಗೆ ಮನದಟ್ಟಾಯಿತು.

ಪಶ್ಚಿಮ ರಾಮಗಂಗೆ ಹಿಮನದಿಯಿಂದ ಹುಟ್ಟಿದ್ದಲ್ಲ. ಬುಗ್ಗೆಗಳ ಮತ್ತು ಮಳೆಯ ನೀರಿನಿಂದ ತುಂಬುವ ನದಿ. ಆದ್ದರಿಂದ ಮಳೆಗಾಲ ಕಳೆದ ಮೇಲೆ ಅದರ ನೀರು ಎಷ್ಟು ತಿಳಿಯಾಗುತ್ತದೆಯೆಂದರೆ ಆಳದ ಮಡುಗಳಲ್ಲಿಯೂ ತಳದ ಕಲ್ಲುಗಳು ಕಾಣುತ್ತವೆ. ನಮಗೆ ಮೀನು ಕಾಣುವಷ್ಟೇ ಸ್ಪಷ್ಟವಾಗಿ ಮೀನಿಗೂ ನಾವು ಕಾಣುತ್ತೇವೆ. ನಮ್ಮ ಗೈಡ್ ಮೊದಲು ಕಲಿಸಿದ್ದು ರಾಡ್ ಬೀಸುವುದನ್ನಲ್ಲ, ನಡೆಯುವುದನ್ನು: ನೆರಳು ನೀರಿನ ಮೇಲೆ ಬೀಳದಂತೆ, ಉರುಟು ಕಲ್ಲುಗಳು ಬೂಟಿನಡಿ ಸದ್ದು ಮಾಡದಂತೆ, ಬಂಡೆಯ ಮರೆಯಿಂದ ಬಂಡೆಯ ಮರೆಗೆ. ಬಿಸಿಲೇರಿದ ಮೇಲೆ ಮಡುವಿನ ಆಳದಲ್ಲಿ ನಿಶ್ಚಲವಾಗಿ ನಿಲ್ಲುವ ದೊಡ್ಡ ಮೀನುಗಳನ್ನು ಎಣಿಸಬಹುದೇ ಹೊರತು ಹಿಡಿಯುವುದು ಬಹುತೇಕ ಅಸಾಧ್ಯ. ಮುಂಜಾನೆ ಮತ್ತು ಮುಸ್ಸಂಜೆಯ ಮಬ್ಬು ಬೆಳಕಿನಲ್ಲಿ ಅವು ಮಡುವಿನ ತಲೆಗೆ, ಅಂದರೆ ರಭಸದ ನೀರು ಬಂದು ಆಳಕ್ಕೆ ಇಳಿಯುವ ಜಾಗಕ್ಕೆ, ಮೇಯಲು ಬರುತ್ತವೆ.

ಟ್ರೌಟ್ ಸಾಮಾನ್ಯವಾಗಿ ಹರಿವಿನಲ್ಲಿ ತನ್ನದೇ ಜಾಗ ಹಿಡಿದು ನಿಂತು, ತೇಲಿಬರುವ ಹುಳುಗಳಿಗಾಗಿ ಕಾಯುತ್ತದೆ. ಮಹಶೀರ್ ಅಲೆಮಾರಿ, ಅದರ ಆಹಾರಕ್ಕೂ ಮಿತಿಯಿಲ್ಲ: ಪಾಚಿ, ದಂಡೆಯ ಮರದಿಂದ ಉದುರಿದ ಹಣ್ಣು, ಹುಳು, ಏಡಿ, ಬಸವನಹುಳು, ಸಣ್ಣ ಮೀನು. ಹೀಗಾಗಿ ಇಲ್ಲಿ ಹೆಚ್ಚು ಬಳಕೆಯಾಗುವುದು ಮರಿಮೀನನ್ನು ಹೋಲುವ, ತುಸು ತೂಕದ ಫ್ಲೈ. ಅದನ್ನು ಹರಿವಿಗೆ ಅಡ್ಡಲಾಗಿ ಬೀಸಿ, ನೀರಿನೊಳಗೆ ಎಳೆದೆಳೆದು ತರಬೇಕು. 8 ತೂಕದ (ಇದು ರಾಡ್ ಎಷ್ಟು ಭಾರದ ಲೈನನ್ನು ಬೀಸಬಲ್ಲದು ಎಂಬುದರ ಅಳತೆ), 9 ಅಡಿಯ ರಾಡ್, ಮತ್ತು ರೀಲಿನಲ್ಲಿ ಧಾರಾಳವಾಗಿ ಹೆಚ್ಚುವರಿ ದಾರ ಇದ್ದರೆ ಉಳಿದ ಸಲಕರಣೆಯ ಬಗ್ಗೆ ಹೆಚ್ಚು ಚಿಂತಿಸಬೇಕಾಗಿಲ್ಲ. ಮೀನು ಫ್ಲೈಯನ್ನು ಕಚ್ಚಿದಾಗ ಟ್ರೌಟ್‌ಗೆ ಮಾಡುವಂತೆ ರಾಡನ್ನು ಮೇಲಕ್ಕೆತ್ತಿದರೆ ಗಾಳ ಬಾಯಿಯಿಂದ ಜಾರಿಬಿಡುತ್ತದೆ; ರಾಡನ್ನು ನೀರಿನತ್ತಲೇ ಚಾಚಿಟ್ಟು, ಎಡಗೈಯಲ್ಲಿ ಲೈನನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು. ಆ ಬಳಿಕದ ಮೊದಲ ಓಟವನ್ನು ತಡೆಯುವ ಪ್ರಯತ್ನ ಸಲ್ಲದು. ಬಲವಾದ ಹರಿವಿನಲ್ಲಿ ಬದುಕುವ ಈ ಮೀನು ಆ ಒಂದೇ ಓಟದಲ್ಲಿ ಫ್ಲೈ ಲೈನನ್ನು ಪೂರ್ತಿ ಬಿಚ್ಚಿಕೊಂಡು ಹೋಗಬಲ್ಲದು. ಅದರ ದವಡೆಯ ಬಲಕ್ಕೆ ತೆಳು ಗಾಳಗಳು ಚಪ್ಪಟೆಯಾಗುತ್ತವೆ.

ಇವನ್ನೆಲ್ಲ ಪುಸ್ತಕದಿಂದಲೂ ಕಲಿಯಬಹುದು ಎನ್ನುವವರಿದ್ದಾರೆ, ಆದರೆ ಯಾವ ಮಡುವಿಗೆ ಯಾವ ತಿಂಗಳಲ್ಲಿ ಹೋಗಬೇಕೆಂಬುದು ಪುಸ್ತಕದಲ್ಲಿ ಸಿಗುವುದಿಲ್ಲ. ಚಿನ್ನದ ಬಣ್ಣದ ಹಿಮಾಲಯದ ಮಹಶೀರ್ ಮಳೆಗಾಲದಲ್ಲಿ ಮೊಟ್ಟೆಯಿಡಲು ಉಪನದಿಗಳನ್ನೇರಿ, ನೀರು ಇಳಿಯತೊಡಗಿದಂತೆ ಮುಖ್ಯ ನದಿಗೆ ಮರಳುತ್ತದೆ. ಹಾಗೆ ಮರಳುವಾಗ ಅದು ಯಾವ ಹಳ್ಳದ ಬಾಯಲ್ಲಿ ತಂಗುತ್ತದೆ, ಹೋದ ಮಳೆಗಾಲದ ಪ್ರವಾಹ ಯಾವ ಮಡುವನ್ನು ಮರಳಿನಿಂದ ತುಂಬಿಸಿದೆ ಎಂಬುದು ವರ್ಷವಿಡೀ ಅಲ್ಲೇ ಇರುವವರಿಗೆ ಮಾತ್ರ ತಿಳಿದಿರುತ್ತದೆ. ನೇಪಾಳದ ಗಡಿಯ ಪಂಚೇಶ್ವರದಲ್ಲಿಯೂ ಅಷ್ಟೇ. ಅಲ್ಲಿ ಹಿಮ ಕರಗಿದ ನೀರಿನಿಂದ ಕದಡಿದ ಕಾಳಿ (ನೇಪಾಳದಲ್ಲಿ ಮಹಾಕಾಳಿ) ನದಿಯನ್ನು ತಿಳಿಯಾದ, ತುಸು ಬೆಚ್ಚಗಿನ ಸರಯೂ ಸೇರುತ್ತದೆ. ಎರಡು ನೀರು ಕೂಡುವ ಗೆರೆ ದಿನದಿಂದ ದಿನಕ್ಕೆ ಜಾಗ ಬದಲಿಸುತ್ತದೆ, ಮೀನೂ ಅದರ ಜೊತೆ ಸರಿಯುತ್ತದೆ. ಭಾರತ ಮತ್ತು ನೇಪಾಳದ ನಡುವಣ 1996ರ ಮಹಾಕಾಳಿ ಒಪ್ಪಂದದಲ್ಲಿ ಪ್ರಸ್ತಾಪವಾಗಿರುವ ಅಣೆಕಟ್ಟು ಕಟ್ಟಿದರೆ ಆ ಸಂಗಮವೇ ಜಲಾಶಯದಡಿ ಮುಳುಗುತ್ತದೆ ಎಂಬ ಕಳವಳ ನನ್ನಂಥವರಲ್ಲಿದೆ.

ಕನ್ನಡಿಗನಾದ ನನಗೆ ಅಲ್ಲಿದ್ದಷ್ಟು ದಿನವೂ ಕಾವೇರಿಯ ನೆನಪೇ. 1946ರಲ್ಲಿ ಬೇಟೆಯ ಪ್ರಾಣಿಗಳ ಚರ್ಮ ತುಂಬಿ ಕಾಪಿಡುವ ಕಸುಬಿಗೆ ಹೆಸರಾದ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಇಂದಿಗೂ ಈ ಹವ್ಯಾಸದವರ ಮಾತಿನಲ್ಲಿ ಬರುತ್ತದೆ. ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಮೀನು ಹಿಡಿದು ಮರಳಿ ನದಿಗೇ ಬಿಡುವ ಶಿಬಿರಗಳು ನಡೆದವು. ಅಲ್ಲಿ ಫ್ಲೈಗಿಂತ ರಾಗಿ ಹಿಟ್ಟಿನ ಉಂಡೆಯದೇ ಕಾರುಬಾರು. ಹರಿಗೋಲು ಹಾಕಿ ಬಂಡೆಗಳ ನಡುವೆ ಕರೆದೊಯ್ಯುತ್ತಿದ್ದ ಗೈಡ್‌ಗಳಲ್ಲಿ ಕೆಲವರು ಅದಕ್ಕೂ ಮೊದಲು ಬಲೆ ಬೀಸಿ, ತೋಟೆ ಸಿಡಿಸಿ ಮೀನು ಹಿಡಿಯುತ್ತಿದ್ದವರೇ. ಬದುಕಿರುವ ಮೀನಿನಿಂದ ಸಂಬಳ ಬರತೊಡಗಿದಾಗ ಅವರೇ ಮಡುವಿನ ಕಾವಲುಗಾರರಾದರು.

ಅಭಯಾರಣ್ಯದ ವ್ಯಾಪ್ತಿಯಲ್ಲಿ ಗಾಳ ಹಾಕುವುದು ವನ್ಯಜೀವಿ ಕಾನೂನಿಗೆ ಸಲ್ಲದೆಂದು 2010ರ ನಂತರದ ವರ್ಷಗಳಲ್ಲಿ ಆ ಶಿಬಿರಗಳಲ್ಲಿ ಮೀನು ಹಿಡಿಯುವುದು ನಿಂತಿತು. ಕಾನೂನಿನ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೆ ಗಾಳದ ಜೊತೆಗೆ ಕಾವಲೂ ಹೋಯಿತೆಂಬ ನೋವು ನನಗಿದೆ. ಇದಕ್ಕಿಂತ ದೊಡ್ಡ ಸಂಗತಿ ಶಿಬಿರದ ದಾಖಲೆ ಪುಸ್ತಕಗಳಿಂದ ಹೊರಬಂತು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ವಿವರಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತ ಹೋಗಿ, ಕಾವೇರಿಯದೇ ಆದ, ಬೆನ್ನು ಗೂನಾದ ಮಹಶೀರ್ ಕಣ್ಮರೆಯಾಗುತ್ತ ಬಂದಿರುವುದು ಕಂಡಿತು. 2018ರಲ್ಲಿ ಆ ಮೀನಿನ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ನಿರ್ಧಾರವಾಯಿತು. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿತು. ಮೀನು ಹಿಡಿದವರು ತೂಕ, ಜಾತಿಗಳನ್ನು ಬರೆದಿಡದೇ ಹೋಗಿದ್ದರೆ ಈ ಕುಸಿತಕ್ಕೆ ಇಷ್ಟು ಗಟ್ಟಿಯಾದ ಪುರಾವೆ ಸಿಗುವುದು ಕಷ್ಟವಿತ್ತು.

ಆದ್ದರಿಂದ ಹಿಮಾಲಯದ ಹೊಳೆಗಳಿಗೆ ಹೋಗುವ ಗೆಳೆಯರಲ್ಲಿ ನನ್ನ ಕೋರಿಕೆಯಿದು. ಪರವಾನಗಿ ಪಡೆದ ಜಾಗಕ್ಕೆ ಮಾತ್ರ ಕರೆದೊಯ್ಯುವ, ಹಿಮ್ಮುಖ ಮುಳ್ಳಿಲ್ಲದ ಗಾಳವನ್ನೇ ಬಳಸಲು ಹೇಳುವ, ಮೊಟ್ಟೆಯಿಡುವ ಕಾಲದಲ್ಲಿ ಬರಬೇಡಿ ಎನ್ನುವ ಸ್ಥಳೀಯ ಗೈಡನ್ನೇ ಆರಿಸಿಕೊಳ್ಳಿ. ಮೀನನ್ನು ಒದ್ದೆ ಕೈಯಲ್ಲಿ, ನೀರಿನಲ್ಲೇ ಇಟ್ಟು ಹಿಡಿಯಿರಿ. ಹರಿವಿಗೆ ಮುಖಮಾಡಿಸಿ, ಅದು ತಾನಾಗಿ ಈಜುವವರೆಗೂ ಕಾಯಿರಿ. ನಮ್ಮಲ್ಲಿ ಕಾವೇರಿಯ ಹಳೆಯ ಗೈಡ್‌ಗಳಿಗೆ ವಯಸ್ಸಾಗುತ್ತಿದೆ. ಯಾವ ಮಡುವಿನಲ್ಲಿ ಯಾವ ಮೀನಿತ್ತು ಎಂಬುದನ್ನು ಅವರಿಂದ ಕೇಳಿ ಬರೆದಿಡುವ, ಅರಣ್ಯ ಮತ್ತು ಮೀನುಗಾರಿಕೆ ಇಲಾಖೆಗಳ ಸಮೀಕ್ಷೆಗೆ ಅವರನ್ನೇ ಸಂಬಳ ಕೊಟ್ಟು ಕರೆಯುವ ಕೆಲಸ ಈಗಲೇ ಆಗಬೇಕು.