ಕಪ್ಪಿಲಿಯಲ್ಲಿ ಐಜಿಜಿ2ಎ ಹುಡುಕಿದರೆ

ಹಾಸನ, 14 ಜುಲೈ 2024, ಭಾನುವಾರ

ಜಡಿಮಳೆ, ಕರೆಂಟಿಲ್ಲ. ಅಷ್ಟರಲ್ಲಿ ರಶ್ಮಿ ಫೋನು. ಮಲೇರಿಯಾ ಲಸಿಕೆಯ ಪ್ರೋಟೀನನ್ನು ಇಲಿಗೆ ಚುಚ್ಚಿ, ಎರಡು ಅಡ್ಜುವಂಟ್ (ಲಸಿಕೆಯ ಪರಿಣಾಮ ಹೆಚ್ಚಿಸಲು ಬೆರೆಸುವ ವಸ್ತು) ಹೋಲಿಸುತ್ತಿದ್ದಾಳೆ: ಅಲ್ಯೂಮಿನಿಯಂ ಲವಣದ ಆಲಮ್, ಗಿಡದಿಂದ ತೆಗೆದ ಸಪೋನಿನ್. ಐಜಿಜಿ1, 2ಎ, 2ಸಿ ಎಂದರೆ ಇಲಿಯ ರಕ್ತದ ಆಂಟಿಬಾಡಿಯ ಬಗೆಗಳು.

"ಮೇಡಂ, ಆಲಮ್ ಗುಂಪಿಗೂ ಸಪೋನಿನ್ ಗುಂಪಿಗೂ ಐಜಿಜಿ1 ಚೆನ್ನಾಗಿ ಬಂದಿದೆ. ಐಜಿಜಿ2ಎ ಎರಡರಲ್ಲೂ ಇಲ್ಲ ಅನ್ನೋಷ್ಟು. ಸಪೋನಿನ್ ಕೆಟ್ಟಿರಬಹುದಾ?"

"ಇಲಿ ಯಾವ್ದು?"

"ಸಿ57 ಬ್ಲ್ಯಾಕ್ 6, ಕಪ್ಪಿಲಿ."

"ಮತ್ತೆ ಸಪೋನಿನ್ ಮೇಲೆ ಯಾಕಮ್ಮ ಗೂಬೆ ಕೂರಿಸ್ತೀಯ? ಆ ಇಲಿಗೆ ಐಜಿಜಿ2ಎ ಜೀನೇ ಇಲ್ಲ. ಅದಕ್ಕಿರೋದು 2ಸಿ. ಸೆಕೆಂಡರಿ ಆಂಟಿಬಾಡಿ ಬದಲಾಯಿಸಿ ಅದೇ ಸೀರಮ್ ಮತ್ತೆ ಓಡಿಸು."

ಪೂರ್ತಿ ಸೊನ್ನೆ ಬಂದರೆ ಪುಣ್ಯ, ಅನುಮಾನವಾದರೂ ಬರುತ್ತದೆ. ಸೆಕೆಂಡರಿ ಅಂದರೆ ಇಲಿಯ ಆಂಟಿಬಾಡಿಗೆ ಅಂಟಿ ಅದನ್ನು ತೋರಿಸಿಕೊಡುವ ಇನ್ನೊಂದು ಆಂಟಿಬಾಡಿ. 2ಎ ಹಿಡಿಯುವ ಕೆಲವು ಸೆಕೆಂಡರಿಗಳು 2ಸಿಗೂ ಅಷ್ಟಿಷ್ಟು ಅಂಟುತ್ತವೆ. ಆಗ ಬಣ್ಣ ಬರಿಸುವ ಟಿಎಂಬಿ ಹಾಕಿದ ಪ್ಲೇಟಿನ ಗುಳಿಯಲ್ಲಿ ತೆಳು ಬಣ್ಣ ಬಂದು, 450 ನ್ಯಾನೊಮೀಟರಿನಲ್ಲಿ ಸಣ್ಣ ಅಂಕಿ ಸಿಕ್ಕಿ, 'ಅಡ್ಜುವಂಟ್ ದುರ್ಬಲ' ಎಂದು ಬರೆದು ಮುಗಿಸಿಬಿಡುತ್ತಾರೆ. ಬಾಲ್ಬ್-ಸಿ ಇಲಿಗೆ 2ಎ, ಕಪ್ಪಿಲಿಗೆ 2ಸಿ. ಪ್ಲೇಟ್ ನಕ್ಷೆಯ ತಲೆಯಲ್ಲೇ ಇಲಿಯ ತಳಿ ಬರೆದಿಡಬೇಕು.

ಆಲಮ್ ಇಲಿಯನ್ನು ಐಜಿಜಿ1 ಕಡೆ ವಾಲಿಸುತ್ತದೆ. ಸಪೋನಿನ್ ಆಧಾರದವು 2ಸಿಯನ್ನೂ ಟಿ ಕೋಶಗಳನ್ನೂ ಎಬ್ಬಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿದ ಮಲೇರಿಯಾ ಲಸಿಕೆ ಆರ್‌ಟಿಎಸ್,ಎಸ್‌ನ ಅಡ್ಜುವಂಟ್ ಎಎಸ್01ರಲ್ಲಿ ಕ್ಯೂಎಸ್-21 ಎಂಬ ಸಪೋನಿನ್ ಇದೆ, ಜೊತೆಗೆ ಬ್ಯಾಕ್ಟೀರಿಯಾದಿಂದ ಬಂದ ಎಂಪಿಎಲ್. 2023ರಲ್ಲಿ ಬಂದ, ಪುಣೆಯಲ್ಲಿ ತಯಾರಾಗುವ ಆರ್21 ಲಸಿಕೆಗೆ ಮ್ಯಾಟ್ರಿಕ್ಸ್-ಎಂ, ಅದೂ ಸಪೋನಿನ್ನೇ. ಹಾಗಾಗಿ ಅವಳ ಪ್ರಯೋಗದ ಜೀವಾಳವೇ ಆ 1 ಮತ್ತು 2ಸಿಯ ಅನುಪಾತ.

ಇನ್ನೊಂದು ಕೇಳಿದೆ, ಅಡ್ಜುವಂಟ್ ಒಂದನ್ನೇ ಚುಚ್ಚಿದ ಗುಂಪು ಇದೆಯಾ ಅಂತ. ಇದೆಯಂತೆ. ಆದರೆ ಪ್ರೋಟೀನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ್ದು, ಅದರ ಹೊರಪೊರೆಯ ವಿಷವಾದ ಎಂಡೋಟಾಕ್ಸಿನ್ ಎಷ್ಟು ಉಳಿದಿದೆ ಎಂದು ಅಳೆದಿಲ್ಲ. ಉಳಿದ ಎಂಡೋಟಾಕ್ಸಿನ್ ತಾನೇ ಅಡ್ಜುವಂಟ್ ಆಗಿ ಕೂತಿರುತ್ತದೆ. ಆಲಮ್ ಜೊತೆ ಪ್ರೋಟೀನು ಕೊಟ್ಟ ಗುಂಪೂ ಚೆನ್ನಾಗಿ ಕಾಣುತ್ತದೆ, ವ್ಯತ್ಯಾಸ ಅಳಿಸಿಹೋಗುತ್ತದೆ. ಆಲಮ್ ಫ್ರೀಜರಿಗೆ ಹೋಗಿರಲಿಲ್ಲ ತಾನೇ ಎಂದೂ ಕೇಳಿದೆ. ಒಮ್ಮೆ ಹೆಪ್ಪುಗಟ್ಟಿದರೆ ಕಣಗಳು ಗುಂಪುಗೂಡಿ ತಳಕ್ಕೆ ಬೇಗ ಇಳಿಯುತ್ತವೆ, ಎಷ್ಟು ಅಲುಗಿಸಿದರೂ ಸರಿಹೋಗುವುದಿಲ್ಲ.

ಕರೆಂಟ್ ಬಂತು, ಮತ್ತೆ ಹೋಯಿತು.

ಮುಂದಿನದು ಚಾಲೆಂಜ್, ಅಂದರೆ ಲಸಿಕೆ ಹಾಕಿದ ಇಲಿಗೆ ಬೇಕೆಂದೇ ಮಲೇರಿಯಾ ಹತ್ತಿಸಿ ನೋಡುವುದು. ಮನುಷ್ಯನ ಮಲೇರಿಯಾ ಪ್ಯಾರಸೈಟ್ ಫಾಲ್ಸಿಪ್ಯಾರಮ್ ಮಾಮೂಲಿ ಇಲಿಗೆ ಹತ್ತುವುದಿಲ್ಲ. ಇಲಿಗೆ ಹತ್ತುವ ಬೆರ್ಗೈ ಪ್ಯಾರಸೈಟನ್ನು ಹಾಗೇ ಕೊಟ್ಟರೆ ಅವಳು ಎಬ್ಬಿಸಿದ ಆಂಟಿಬಾಡಿಗೆ ಗುರುತೇ ಸಿಗದು, ಏಕೆಂದರೆ ಅದರ ಮೇಲ್ಮೈ ಪ್ರೋಟೀನು ಸಿಎಸ್‌ಪಿಯ ಮತ್ತೆಮತ್ತೆ ಬರುವ ಭಾಗವೇ ಬೇರೆ. ಫಾಲ್ಸಿಪ್ಯಾರಮ್ ಸಿಎಸ್‌ಪಿ ಹೊತ್ತ ಟ್ರಾನ್ಸ್‌ಜೆನಿಕ್ ಬೆರ್ಗೈ ಬೇಕು. ಅದನ್ನು ಸ್ಟೀಫೆನ್ಸಿ ಸೊಳ್ಳೆಯಲ್ಲಿ 19ರಿಂದ 21 ಡಿಗ್ರಿಯಲ್ಲಿ ಸಾಕಬೇಕು (ಈಗಿನ ಸಕಲೇಶಪುರದ ಹವೆ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ), ರಕ್ತ ಕುಡಿಸಿ ಮೂರು ವಾರದ ಹೊತ್ತಿಗೆ ಜೊಲ್ಲುಗ್ರಂಥಿ ಬಿಡಿಸಿ ಸ್ಪೋರೊಜಾಯ್ಟ್ (ಸೊಳ್ಳೆಯಿಂದ ದಾಟುವ ರೂಪದ ಪ್ಯಾರಸೈಟ್) ತೆಗೆದು ಇಲಿಗೆ ಕೊಡಬೇಕು. ಆಮೇಲೆ ಮೂರನೇ ದಿನದಿಂದ ಹದಿನಾಲ್ಕರವರೆಗೆ ಗೀಮ್ಸಾ ಬಣ್ಣ ಹಾಕಿದ ರಕ್ತದ ಸ್ಮಿಯರ್. ಪ್ಯಾರಸೈಟ್ ಕಾಣಿಸುವುದು ಒಂದು ದಿನ ತಡವಾದರೂ ಲಿವರಿನಲ್ಲಿ ಸುಮಾರು 90% ಕಡಿತ ಎಂದು ಲೆಕ್ಕ. ಬರಿ 'ಬಂತು, ಬರಲಿಲ್ಲ' ಎಂದು ಬರೆದರೆ ಇದು ಕಳೆದೇಹೋಗುತ್ತದೆ.

ಬಾಲದ ರಕ್ತನಾಳಕ್ಕೆ ಚುಚ್ಚುತ್ತೇನೆ ಅಂದಳು. ನನಗೆ ಅಲ್ಲೇ ತಕರಾರು. ಚರ್ಮದಲ್ಲೇ ಸ್ಪೋರೊಜಾಯ್ಟ್ ತಡೆಯುವ ಆಂಟಿಬಾಡಿಯ ಕೆಲಸ ಆ ದಾರಿಯಲ್ಲಿ ಕಾಣುವುದೇ ಇಲ್ಲ. ಸೊಳ್ಳೆ ಕಚ್ಚಿಸಿದರೆ ಕಾಣುತ್ತದೆ, ಆದರೆ ಒಂದೊಂದು ಇಲಿಗೆ ಎಷ್ಟೆಷ್ಟು ಇಳಿಯಿತೋ ಲೆಕ್ಕ ಸಿಗದು. ಏರುಪೇರು ಜಾಸ್ತಿ, ಗುಂಪಿಗೆ ಹೆಚ್ಚು ಇಲಿ ಬೇಕು, ಎಥಿಕ್ಸ್ ಕಮಿಟಿಗೆ ಮತ್ತೆ ಹೋಗಬೇಕು, ಅವರು ಕೇಳುವುದೇ ಸಂಖ್ಯೆ ಯಾಕೆ ಏರಿತು ಅಂತ, ಅದಕ್ಕೆ ಮೊದಲು ಐದಾರು ಇಲಿಯಲ್ಲಿ ಬರಿ ಕಚ್ಚಿಸಿ ನೋಡಿ...