ಡಿಸೆಂಬರ್ ಪ್ರಾಕ್ಟೀಸ್ ಮತ್ತು ಮಕ್ಕಳ ಅಣಕು ಹಾಡು: ಸಂಗೀತದ ಟೀಚರುಗಳಿಗೆ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಎಷ್ಟೋ ಶಾಲೆಗಳಲ್ಲಿ ‘ಜಿಂಗಲ್ ಬೆಲ್ಸ್’ ಪ್ರಾಕ್ಟೀಸ್ ಶುರು. ಎರಡನೇ ವಾರಕ್ಕೆಲ್ಲ ಸ್ಕೂಲ್ ವ್ಯಾನಿನಲ್ಲಿ ಅದರ ಅಣಕು ಹಾಡೂ ಹುಟ್ಟಿರುತ್ತದೆ. ತರಲೆ ಎಂದು ಗದರಿಸಬೇಡಿ. ಲಯ ಒಳಗಿಳಿಯದೆ ಅಣಕು ಕಟ್ಟಲು ಬರುವುದಿಲ್ಲ.

ಪಲ್ಲವಿಯ ಮೊದಲ ಸಾಲು ನೋಡಿ: ಗ ಗ ಗಾ, ಗ ಗ ಗಾ, ಗ ಪ ಸ ರಿ ಗಾ. ಉಚ್ಚಾರ (ಜಿಂ-ಗಲ್-ಬೆಲ್ಸ್ ಎಂಬಂಥ ತುಂಡುಗಳು) 3, 3, 5. ಎಣಿಕೆ 16, ಅಂದರೆ 8 ಎಣಿಕೆಯ ಆದಿತಾಳದ 2 ಆವರ್ತ (ಸುತ್ತು). ಅಮೆರಿಕದ ಮಕ್ಕಳು ‘ಜಿಂಗಲ್ ಬೆಲ್ಸ್, ಬ್ಯಾಟ್‌ಮನ್ ಸ್ಮೆಲ್ಸ್, ರಾಬಿನ್ ಲೇಡ್ ಆ್ಯನ್ ಎಗ್’ ಎಂದು ಇದಕ್ಕೆ ಬ್ಯಾಟ್‌ಮನ್, ರಾಬಿನ್‌ರನ್ನು ಎಳೆತಂದಾಗಲೂ ಈ 3-3-5 ಕದಲಲಿಲ್ಲ. ‘ಬೆಲ್ಸ್’ಗೆ ‘ಸ್ಮೆಲ್ಸ್’ ಪ್ರಾಸವೂ ಕೂಡಿಬಂತು. ಇನ್ನೊಂದು ಕ್ರಿಸ್‌ಮಸ್ ಹಾಡು, ಇಂಗ್ಲೆಂಡಿನ ‘ವೈಲ್ ಶೆಫರ್ಡ್ಸ್ ವಾಚ್ಡ್ ದೇರ್ ಫ್ಲಾಕ್ಸ್’, ಅದರ ಅಣಕಿನಲ್ಲಿ ‘ವಾಚ್ಡ್’ ಹೋಗಿ ‘ವಾಷ್ಡ್’, ‘ಫ್ಲಾಕ್ಸ್’ ಹೋಗಿ ‘ಸಾಕ್ಸ್’. ಮಂದೆ ಕಾಯಬೇಕಾದ ಕುರುಬರು ಕಾಲುಚೀಲ ಒಗೆಯುತ್ತಾರೆ! ಇಂಗ್ಲೆಂಡಿನ ಜಾನಪದ ಸಂಗ್ರಾಹಕರಾದ ಐಯೋನಾ ಮತ್ತು ಪೀಟರ್ ಓಪಿ ದಂಪತಿ ಸುಮಾರು 5,000 ಶಾಲಾ ಮಕ್ಕಳಿಂದ ಇಂಥವನ್ನೆಲ್ಲ ಕೂಡಿಹಾಕಿ 1959ರಲ್ಲಿ ಪುಸ್ತಕ ಮಾಡಿದರು.

ಕನ್ನಡದಲ್ಲಿ ಕಟ್ಟಿಸುವಾಗ ತೊಡಕು ಪದದ ಉದ್ದದ್ದು. ‘ಇಡ್ಲಿ ತಾ, ಚಟ್ನಿ ತಾ, ಸಾರು ಬೇಡ ಹೋ’ ಸರಿಯಾಗಿ ಕೂರುತ್ತದೆ. ‘ಇಡ್ಲಿ ಕೊಡಿ’ ಎಂದರೆ ನಾಲ್ಕಾಯಿತು. ಎರಡೆಣಿಕೆಯ ‘ಗಾ’ವನ್ನು ‘ಗ ಗ’ ಎಂದು ಒಡೆದರೆ ಅದೂ ನಿಲ್ಲುತ್ತದೆ. ‘ಮಸಾಲೆ ದೋಸೆ’ ಐದು, ಅಲ್ಲಿ ತಾಳ ಎಡವುತ್ತದೆ. ಎಲ್ಲಿ ಎಡವಿತು ಎಂದು ಮಕ್ಕಳೇ ಚಪ್ಪಾಳೆ ಹಾಕಿ ಹುಡುಕಲಿ. ನಾಲ್ಕನೇ ಕ್ಲಾಸಿಗೆ ಹದಿನೈದು ನಿಮಿಷ ಸಾಕು.

ವೇದಿಕೆಯ ಮೇಲೆ ಅಣಕಿನ ಸಾಲು ಬಾಯಿಗೆ ಬಂದುಬಿಡುವುದು ದೊಡ್ಡ ಭಯ. ಮೂಲ ಹಾಡಿಗೂ ಬ್ಯಾಟ್‌ಮನ್ ಅಣಕಿಗೂ ಮೊದಲ ಮೂರು ಉಚ್ಚಾರ ಒಂದೇ ಆದ್ದರಿಂದ ನಾಲ್ಕನೆಯದರಲ್ಲಿ ನಾಲಿಗೆ ದಾರಿ ತಪ್ಪುತ್ತದೆ, ವೇಗ ಏರಿದಷ್ಟೂ ಹೆಚ್ಚು. ಪ್ರತಿ ಸಲ ಮೊದಲಿನಿಂದ ಹಾಡಿಸಬೇಡಿ. ನಾಲ್ಕನೇ ಉಚ್ಚಾರದಿಂದ, ವಿಳಂಬದಲ್ಲಿ (ನಿಧಾನ ಗತಿಯಲ್ಲಿ), ಐದಾರು ಸಲ ಎತ್ತಿಸಿ. ಅಣಕನ್ನು ಪ್ರಾಕ್ಟೀಸಿನ ಕೊನೆಗೆ ಒಮ್ಮೆ ಮನಸಾರೆ ಹಾಡಲು ಬಿಡಿ, ಕಾರ್ಯಕ್ರಮದ ದಿನ ಮಾತ್ರ ಬೇಡ.

ಮಕ್ಕಳ ಅಣಕು ಹಾಡುಗಳನ್ನು ಬರೆದಿಡುವುದಾದರೆ ತಾರೀಕು, ತರಗತಿ, ಎಲ್ಲಿ ಕಲಿತದ್ದು (ವ್ಯಾನು, ಅಪಾರ್ಟ್‌ಮೆಂಟು, ಅಕ್ಕನ ಶಾಲೆ) ಇಷ್ಟು ಸಾಕು. ಮಗುವಿನ ಹೆಸರು ಬೇಡ. ಕ್ಲಾಸಿನ ಮುಂದೆ ನಿಲ್ಲಿಸಿ ಕೇಳಿದರೆ ತೊಳೆದಿಟ್ಟ ಸಾಲುಗಳಷ್ಟೇ ಸಿಗುತ್ತವೆ. ಊಟದ ಬೆಲ್ ಆದಮೇಲೆ ಕೈತೊಳೆಯುವ ಸಾಲಿನಲ್ಲಿ ನಿಂತು ಕೇಳಿಸಿಕೊಳ್ಳಿ.

ಸಹಪಾಠಿಯ ಹೆಸರು, ಮೈಬಣ್ಣ, ಮನೆಮಾತು ಹಾಡಿಗೆ ಬಂದರೆ ಅಲ್ಲೇ ತಡೆಯಬೇಕು. ಆದರೆ ಹಾಡನ್ನು ಕಿತ್ತುಕೊಳ್ಳಬೇಡಿ. ಆ ಹೆಸರಿನ ಜಾಗಕ್ಕೆ ಅಷ್ಟೇ ಉಚ್ಚಾರದ ತಿಂಡಿಯ ಹೆಸರು ಹುಡುಕಲು ಅದೇ ಮಕ್ಕಳಿಗೆ ಹೇಳಿ.